ಸೀರೆಯನ್ನು ನೋಡುವ ಬೆಕ್ಕು

ಅಂಜನಮ್ಮನಿಗೆ ಕೊನೆಯ ತಿಂಗಳ ಕೂಲಿ ಇನ್ನೂ ಬರಬೇಕು. ಅವಳು ಸತ್ತ ಮೇಲೆ ಯುಗಾದಿ ಕಳೆಯಿತು, ಊರಮ್ಮನ ಹಬ್ಬ ಕಳೆಯಿತು, ಹೆಬ್ಬಾಳದಾಚೆಯ ಸಿಂಗಾಪುರದ ಶೆಡ್ಡಿನ ಯಜಮಾನ ಸುಬ್ರಮಣಿ ಕೊಟ್ಟಿಲ್ಲ. ಜೊತೆಯ ಹೆಂಗಸರು ಕೇಳಿದರೆ, "ಸತ್ತೋರ ಕೈಗೆ ಎಂಗಮ್ಮ ಕೊಡ್ಲಿ, ನೀನೇ ಏಳು" ಎಂದು ಹಲ್ಲು ಕಿರಿಯುತ್ತಾನೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಬಂದು ಕೇಳುವ ನೆಂಟನೂ ಇಲ್ಲ. ಬಿಟ್ಟುಹೋದದ್ದೆಂದರೆ ಬ್ಯಾಟರಿ ಒಡೆಯುವ ಸುತ್ತಿಗೆ, ಕೆಲಸಕ್ಕೆ ಉಡುತ್ತಿದ್ದ ಹಳೇ ನೈಲೆಕ್ಸ್ ಸೀರೆ, ಮತ್ತು ಒಂದು ಬೆಕ್ಕು. ಮೂರೂ ಅವಳ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಮುನಿಕೃಷ್ಣಮ್ಮನ ಪಾಲಿಗೆ ಬಂದವು.

ಸುಬ್ರಮಣಿಯ ಅಪ್ಪನ ಕಾಲಕ್ಕೆ ಈಗ ಶೆಡ್ಡಿರುವಲ್ಲಿ ರಾಗಿ ಬೆಳೆಯುತ್ತಿತ್ತು. ಹೊಲ ಸೈಟಾಯಿತು, ಸೈಟಿನ ಮೇಲೆ ಮನೆಗಳೆದ್ದವು. ಯಾರೂ ಕೊಳ್ಳದೆ ಉಳಿದ ರಾಜಕಾಲುವೆಯ ಮಗ್ಗುಲಿನ ಮೂಲೆಯಲ್ಲಿ ಅವನೊಂದು ಶೀಟಿನ ಶೆಡ್ ಹಾಕಿದ. ಬೋರ್ಡಿಲ್ಲ, ಕಿಟಕಿಯಿಲ್ಲ. ಗೂಡ್ಸ್ ಆಟೋಗಳಲ್ಲಿ ಹಳೇ ಬ್ಯಾಟರಿಗಳು ಬಂದು ಬೀಳುತ್ತವೆ. ಮನೆಗಳ ಇನ್ವರ್ಟರಿನವು, ಕಾರಿನವು, ಲಾರಿಯವು. ಹೆಂಗಸರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವುಗಳ ತಲೆ ಒಡೆಯುತ್ತಾರೆ, ಆಸಿಡ್ಡನ್ನು ಕಾಲುವೆಗೆ ಸುರಿಯುತ್ತಾರೆ, ಒಳಗಿನ ಸೀಸದ ಪ್ಲೇಟುಗಳನ್ನು ಈಚೆಗೆಳೆದು ಕಲ್ಲಿಗೆ ಬಡಿಯುತ್ತಾರೆ. ಬಡಿದ ಹಾಗೆಲ್ಲ ಬೂದು ಬಣ್ಣದ ಹಿಟ್ಟು ಉದುರುತ್ತದೆ. ಆಸಿಡ್ಡಿಗೆ ಎಲ್ಲರೂ ಹೆದರುತ್ತಾರೆ, ಅದು ಬಿದ್ದಲ್ಲಿ ಚರ್ಮ ಸುಡುತ್ತದೆ. ಹಿಟ್ಟು ಸುಡುವುದಿಲ್ಲ. ಹಾಗಾಗಿ ಅದಕ್ಕೆ ಯಾರೂ ಹೆದರಲಿಲ್ಲ.

ಸಂಜೆ ಕೆಲಸ ಮುಗಿದಾಗ ಸುಬ್ರಮಣಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಅಂಗೈಗೂ ಒಂದೊಂದು ತುಂಡು ಬೆಲ್ಲ ಹಾಕುತ್ತಾನೆ. "ತಿನ್ರಮ್ಮ, ಗಂಟ್ಲಲ್ಲಿರೋ ಧೂಳೆಲ್ಲ ಇಳ್ದೋಗ್ತದೆ." ಮೂಗಿಗೊಂದು ಬಟ್ಟೆ ಕೊಟ್ಟವನಲ್ಲ, ಕೈ ತೊಳೆಯಲು ಸೋಪು ಕೊಟ್ಟವನಲ್ಲ, ಬೆಲ್ಲ ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ. ಅಂಜನಮ್ಮ ಅಲ್ಲೇ ನಿಂತು ಬೆರಳು ನೆಕ್ಕಿ ನೆಕ್ಕಿ ತಿನ್ನುತ್ತಿದ್ದಳು. ಮುನಿಕೃಷ್ಣಮ್ಮ ತಿನ್ನುತ್ತಿರಲಿಲ್ಲ. ಮನೆಯಲ್ಲಿ ಮೊಮ್ಮಗಳು ಮೋನಿಷಾ ಇದ್ದಳು. ಕೈಗೆ ಸಿಹಿ ಸಿಕ್ಕಾಗ ಯಾವ ಅಜ್ಜಿ ತಾನೊಬ್ಬಳೇ ತಿಂದು ಬಾಯಿ ಒರೆಸಿಕೊಂಡು ಮನೆಗೆ ಬರುತ್ತಾಳೆ? ಬೆಲ್ಲವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತರುತ್ತಿದ್ದಳು. ಮಗು ಬಾಗಿಲಿಗೇ ಓಡಿ ಬಂದು ಆ ಗಂಟು ಬಿಚ್ಚುವುದೇ ದಿನದ ದೊಡ್ಡ ಸಂಭ್ರಮ.

ಅಂಜನಮ್ಮ ಸಾಯುವ ಮೊದಲು ಆದದ್ದನ್ನು ಕಂಡವರು ಅದರ ಬಗ್ಗೆ ಜೋರಾಗಿ ಮಾತಾಡುವುದಿಲ್ಲ. ಮೊದಲು ಹೊಟ್ಟೆನುಲಿ ಹಿಡಿದು ನೆಲದ ಮೇಲೆ ಉರುಳಾಡಿದಳು. ಆಮೇಲೆ ಅವಳ ಬಲಗೈ ಮಣಿಕಟ್ಟಿನಿಂದ ಕೆಳಗೆ ಕೊಯ್ದ ಕೋಳಿಯ ಕತ್ತಿನಂತೆ ಜೋತುಬಿತ್ತು. ಸುತ್ತಿಗೆ ಹಿಡಿಯಲಾರದೆ ಎಡಗೈಯಲ್ಲಿ ಹೊಡೆಯಲು ಕಲಿತಳು. ಕೊನೆಕೊನೆಗೆ ಗೋಡೆಗೆ ಹಣೆಯೊತ್ತಿ ನಿಂತುಬಿಡುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಅಲ್ಲಿ ಯಾರ ಜೊತೆಯೋ ಪಿಸುಗುಡುತ್ತಿದ್ದಳು. ಗಾಳಿ ಸೋಕಿದೆ ಅಂದರು, ಕಾಲುವೆ ಪಕ್ಕದ ಜಾಗ ಸರಿಯಿಲ್ಲ ಅಂದರು, ತಾಯತ ಕಟ್ಟಿಸಿದರು. ತಾಯತ ಕಟ್ಟಿದ ಅದೇ ಜೋಲುಗೈಯಲ್ಲೇ ಅವಳು ಹೋದಳು.

ಅವಳು ಹೋದ ಮೇಲೆ ಅವಳ ಬೆಕ್ಕು ತಾನಾಗಿಯೇ ಮುನಿಕೃಷ್ಣಮ್ಮನ ಮನೆ ಹುಡುಕಿಕೊಂಡು ಬಂತು. ಒಂದೇ ಕೋಣೆಯ ಮನೆ, ಗಂಗರತ್ನಮ್ಮ ಎಂಬಾಕೆಯ ವಠಾರದಲ್ಲಿ ಬಾಡಿಗೆಗೆ ಇದ್ದದ್ದು. ಬೆಕ್ಕಿನ ಹೆಸರು ಬೆಳ್ಳಿ. ಹೆಸರಿಗೆ ಬೆಳ್ಳಿ, ಮೈ ಮಾತ್ರ ಬೂದಿ. ಎಷ್ಟು ನೆಕ್ಕಿಕೊಂಡರೂ ಬೆಳ್ಳಗಾಗುತ್ತಿರಲಿಲ್ಲ. ಶೆಡ್ಡಿನಲ್ಲಿ ಬಟ್ಟೆ ಬಿಟ್ಟುಬಂದರೆ ಮರುದಿನ ಅದು ನೆಲ ಒರೆಸಲು ಹೋಗಿರುತ್ತದೆ. ಅದಕ್ಕೇ ಮುನಿಕೃಷ್ಣಮ್ಮ ಅಂಜನಮ್ಮನ ಸೀರೆಯನ್ನೇ ಕೆಲಸಕ್ಕೆ ಉಟ್ಟು, ಉಟ್ಟೇ ಮನೆಗೆ ಬಂದು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದಳು. ಅರ್ಧ ಮೊಳೆಯ ಮೇಲೆ, ಅರ್ಧ ನೆಲದ ಮೇಲೆ. ನೆಲದ ಮೇಲಿನ ಅರ್ಧ ಬೆಕ್ಕಿನ ಹಾಸಿಗೆ.

ಮಾವಿನಕಾಯಿ ಕಾಲಕ್ಕೆ ಶುರುವಾದದ್ದು ಅದು. ಬೆಳ್ಳಿ ಊಟ ಬಿಟ್ಟಿತು. ಕುಡಿದ ಹಾಲನ್ನು ಕಕ್ಕಿತು. ನಡೆದರೆ ಬಲಕ್ಕೇ ತಿರುಗುತ್ತಿತ್ತು, ಕಾಣದ ಗೂಟಕ್ಕೆ ಕಟ್ಟಿದ ಹಾಗೆ ಸುತ್ತು ಹಾಕುತ್ತಿತ್ತು. ಹಾಡಹಗಲಲ್ಲೂ ಕಣ್ಣಿನ ಕಪ್ಪು ಕಣ್ಣಿನ ತುಂಬ ಹರಡಿಕೊಂಡಿರುತ್ತಿತ್ತು. ಸುತ್ತಿ ಸುತ್ತಿ ಕೊನೆಗೆ ಬಾಗಿಲ ಹಿಂದೆ ನಿಂತು ಮೊಳೆಯ ಮೇಲಿನ ಸೀರೆಯನ್ನೇ ರೆಪ್ಪೆ ಬಡಿಯದೆ ನೋಡುತ್ತಿತ್ತು. ನೋಡುತ್ತಾ ಕೂಗುತ್ತಿತ್ತು. ಅದು ಹಸಿದ ಬೆಕ್ಕಿನ ಕೂಗಲ್ಲ, ಬೆದೆಯ ಕೂಗಲ್ಲ. ಎದುರಿಗೆ ನಿಂತವರ ಮಾತಿಗೆ ಉತ್ತರ ಕೊಡುವ ಕೂಗು.

ವಠಾರದ ಹೆಂಗಸರು ನಲ್ಲಿಯ ಬಳಿ ಆಡುವ ಮಾತೂ ನಿಂತಿತು. ಮುನಿಕೃಷ್ಣಮ್ಮ ಬಿಂದಿಗೆ ಹಿಡಿದು ಬಂದರೆ ಜಾಗ ಬಿಟ್ಟುಕೊಡುವಷ್ಟು ಮರ್ಯಾದೆ ಶುರುವಾಯಿತು. ಒಂದು ದಿನ ಗಂಗರತ್ನಮ್ಮನೇ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ.

"ನೋಡು ಮುನಿಕೃಷ್ಣಮ್ಮ, ಬಾಡ್ಗೆ ವಿಷ್ಯ ಅಲ್ಲ ನಾನು ಬಂದಿರೋದು. ಆ ಬೆಕ್ಕು ಬೆಕ್ಕಲ್ಲ ಕಣೆ. ಅದ್ರ ಮುಂಗಾಲು ನೋಡ್ದಾ?"

ಮುನಿಕೃಷ್ಣಮ್ಮ ನೋಡಿದ್ದಳು. ನೋಡಿಯೂ ನೋಡದವಳಂತೆ ಇದ್ದಳು. ಬೆಳ್ಳಿಯ ಬಲ ಮುಂಗಾಲು ಗೆಣ್ಣಿನಲ್ಲಿ ಒಳಕ್ಕೆ ಮಡಿಸಿಕೊಂಡು ನೆಲದ ಮೇಲೆ ಎಳೆದಾಡುತ್ತಿತ್ತು. ಅದು ಯಾರ ಕೈಯ ಹಾಗೆ ಎಂದು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

"ಅವ್ಳೇ ಬಂದವ್ಳೆ. ಕೂಲಿ ಉಳ್ಕಂಡೈತಲ್ಲ, ಅದ್ಕೆ ಓಗಿಲ್ಲ. ಮನೇಲಿ ಎಣ್ಮಗು ಐತೆ, ಉಷಾರು. ಸೋಮ್ವಾರ ಅಮಾಸೆ. ಅಷ್ಟ್ರೊಳಗೆ ಚೀಲ್ದಾಗೆ ಕಟ್ಟಿ ಎಲ್ಲಾರ ದೂರ ಬಿಟ್ಬಾ."

ಮುನಿಕೃಷ್ಣಮ್ಮ ಬ್ಯಾಟರಿ ಒಡೆಯುವವಳು, ಗಂಡ ಸತ್ತಾಗ ಹೆಗಲು ಕೊಡಲು ಜನ ಸಾಲದೆ ತಾನೇ ಚಟ್ಟಕ್ಕೆ ಹೆಗಲು ಕೊಟ್ಟವಳು. ಬೆಕ್ಕಿಗೆ ಹೆದರುವ ಹೆಂಗಸಲ್ಲ. ಅವಳ ಹೆದರಿಕೆ ಮಗುವಿನದು. ಮೋನಿಷಾ ಕೆಲವು ವಾರಗಳಿಂದ ಸರಿಯಿರಲಿಲ್ಲ. ಅನ್ನ ಮುಂದಿಟ್ಟರೆ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಅಂಗನವಾಡಿಯಲ್ಲಿ ಕಲಿತ ಹಾಡುಗಳನ್ನು ಒಂದೊಂದಾಗಿ ಮರೆಯುತ್ತಿದ್ದಳು. ಸುಮ್ಮನೆ ಕೂತು ಮೂಲೆ ನೋಡುತ್ತಿದ್ದಳು. ಬೆಕ್ಕು ನೋಡುತ್ತಿದ್ದ ಅದೇ ಮೂಲೆ.

"ಅವ್ವಾ, ಎತ್ಕೊಂಡ್ ಹೋಗಿ ಬಿಸಾಕ್ಬಿಡು ಅದನ್ನ," ಎಂದಳು ಮಗಳು ರಮ್ಯ, ಮೋನಿಷಾಳ ತಾಯಿ. ಹೆಬ್ಬಾಳದ ಒಂದು ಮಾಲ್‌ನಲ್ಲಿ ಅವಳದು ನೆಲ ಒರೆಸುವ ಕೆಲಸ. "ಇವತ್ತು ಬೆಕ್ಕು, ನಾಳೆ ನನ್ ಮಗು ಅಂತಾರೆ ಇವ್ರು. ನಂಗೆ ಭಯ ಆಗ್ತೈತೆ."

ಮುನಿಕೃಷ್ಣಮ್ಮ ಗೋಣಿಚೀಲ ತಂದಳು. ಅವಳು ಚೀಲದ ಬಾಯಿ ಅಗಲಿಸುವಷ್ಟರಲ್ಲಿ, ಎರಡು ಮನೆಯಾಚೆ ಬ್ಲೌಸ್ ಹೊಲಿಯುವ ಲುಬ್ನಾ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಓಡಿ ಬಂದಳು. ಬೀದಿಯ ಬೆಕ್ಕುಗಳಿಗೆಲ್ಲ ಊಟ ಹಾಕುವವಳು ಆಕೆ.

"ಅಯ್ಯೋ ಆಂಟಿ, ಏನ್ ಮಾಡ್ತಿದೀರಾ? ಅದಕ್ಕೆ ಸೀಕು ಆಗಿರೋದು. ಭೂತಕ್ಕೆಲ್ಲಾದ್ರೂ ವಾಂತಿ ಆಗುತ್ತಾ?"

"ಮತ್ತೆ ಅದು ಸೀರೆ ಜೊತೆ ಮಾತಾಡೋದು?"

"ನಮ್ಮನೇಲಿ ನಮ್ ಮಾಮೂ ಟೀವಿ ಜೊತೆ ಮಾತಾಡ್ತಾರೆ. ಚೀಲದಲ್ಲಿ ಕಟ್ಟಿದೀವಾ ಅವ್ರನ್ನ?" ಎಂದಳು ಲುಬ್ನಾ. ರಮ್ಯ ನಗದಿದ್ದುದನ್ನು ನೋಡಿ ತಾನೇ ಮುಂದುವರಿಸಿದಳು. "ಹೆಬ್ಬಾಳದ ಕಡೆ ಒಬ್ರು ಪ್ರಾಣಿ ಡಾಕ್ಟರಮ್ಮ ಇದಾರೆ, ಸೋಮವಾರ ತೋರಿಸೋಣ. ಅವ್ರು ಏನೂ ಇಲ್ಲ ಅಂದ್ರೆ ಆಮೇಲೆ ನಿಮ್ಮಿಷ್ಟ."

ಹೀಗೆ ಆ ಭಾನುವಾರ ಬೆಕ್ಕನ್ನು ಡಾಕ್ಟರಿಗೆ ತೋರಿಸುವ ತಯಾರಿ ನಡೆಯಿತು. ಮನುಷ್ಯರನ್ನೇ ಡಾಕ್ಟರ ಹತ್ತಿರ ಕರೆದೊಯ್ಯಲು ಹತ್ತು ಸಲ ಯೋಚಿಸುವ ವಠಾರ ಅದು. ಮನೆಮನೆಯ ಬಾಗಿಲಲ್ಲೂ ಒಂದೊಂದು ತಲೆ. ಲುಬ್ನಾ ಕ್ಲಿನಿಕ್ಕಿಗೆ ಫೋನ್ ಮಾಡಿ ಏನೇನು ತರಬೇಕು ಕೇಳಿದಳು. ಕಕ್ಕಿದ್ದನ್ನು ಒಂದು ಡಬ್ಬಿಯಲ್ಲಿ ತನ್ನಿ, ಸ್ನಾನ ಮಾಡಿಸಬೇಡಿ, ಅದು ಮಲಗುವ ಬಟ್ಟೆಯನ್ನೂ ತನ್ನಿ, ಅದು ವಿಚಿತ್ರವಾಗಿ ಆಡುವುದನ್ನು ವಿಡಿಯೊ ಮಾಡಿಕೊಂಡು ಬನ್ನಿ, ಇಲ್ಲಿಗೆ ಬಂದ ಮೇಲೆ ಹೆದರಿ ಸುಮ್ಮನೆ ಕೂತುಬಿಡುತ್ತವೆ ಎಂದರಂತೆ.

ಮುನಿಕೃಷ್ಣಮ್ಮ ಟೊಮ್ಯಾಟೊ ಕ್ರೇಟಿಗೆ ಕ್ರೇಟು ಮುಚ್ಚಿ ಹಗ್ಗ ಬಿಗಿದು ಬೋನು ಮಾಡಿದಳು. ಕಕ್ಕಿದ್ದನ್ನು ಉಪ್ಪಿನಕಾಯಿ ಡಬ್ಬಿಗೆ ತುಂಬಿದಳು. ತುಂಬುವಾಗ ನೋಡಿದಳು, ಹಾಲಿನಲ್ಲಿ ಬೂದು ಬಣ್ಣದ ಎಳೆಗಳಿದ್ದವು. ಬೆಕ್ಕು ಬೂದಿ ತಿಂದಿದೆಯೇ? ಸೌದೆ ಒಲೆಯಿಲ್ಲದ ಮನೆಯಲ್ಲಿ ಬೂದಿ ಎಲ್ಲಿಂದ? ಮುಚ್ಚಳ ಬಿಗಿದು ಮೇಲಿಟ್ಟಳು.

ವಿಡಿಯೊ ಮಾತ್ರ ಆಗಲಿಲ್ಲ. ಫೋನು ಎತ್ತಿದರೆ ಬೆಳ್ಳಿ ಮುದುರಿ ಮಲಗುತ್ತಿತ್ತು, ಕೆಳಗಿಟ್ಟರೆ ಎದ್ದು ಸುತ್ತುತ್ತಿತ್ತು. ತನ್ನನ್ನು ಯಾರೋ ಎಚ್ಚರಿಸುತ್ತಿರುವ ಹಾಗೆ. ಕೊನೆಗೆ ಲುಬ್ನಾ ಫೋನನ್ನು ಅಕ್ಕಿ ಡ್ರಮ್ಮಿಗೆ ಒರಗಿಸಿ, ವಿಡಿಯೊ ಹಚ್ಚಿ, "ಎಲ್ಲಾ ಹೊರಗೆ ಬನ್ನಿ, ಅದರ ಪಾಡಿಗೆ ಬಿಡೋಣ" ಎಂದಳು. ಮೂವರೂ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಮಗು ಒಳಗೆ ಮಲಗಿತ್ತು. ಮಧ್ಯಾಹ್ನದ ಬಿಸಿಲು ಶೀಟಿನ ಮೇಲೆ ಚಟಚಟ ಎನ್ನುತ್ತಿತ್ತು. ಒಳಗಿನಿಂದ ಬೆಕ್ಕಿನ ಆ ಉತ್ತರ ಕೊಡುವ ಕೂಗು ಒಂದು ಸಲ ಕೇಳಿತು, ಆಮೇಲೆ ಇನ್ನೊಂದು ಸಲ. ನಂತರ ಏನೂ ಇಲ್ಲ. ಆ ಏನೂ ಇಲ್ಲದ್ದೇ ಹೆಚ್ಚು ಹೆದರಿಸಿತು.

ಒಳಗೆ ಹೋದರೆ ಎಲ್ಲ ಇದ್ದ ಹಾಗೇ ಇತ್ತು. ಮಗು ಚಾಪೆಯ ಮೇಲಿತ್ತು. ಬೆಕ್ಕು ಸೀರೆಯ ಮೇಲಿತ್ತು. ಲುಬ್ನಾ ಫೋನ್ ತೆಗೆದು ಹಿಡಿದಳು, ಮೂವರೂ ತಲೆ ಕೂಡಿಸಿ ನೋಡಿದರು.

ಮೊದಲು ಬೆಳ್ಳಿ ಕಂಡಿತು. ಸುತ್ತು ಹಾಕಿತು. ಮಡಿಸಿದ ಮುಂಗಾಲನ್ನು ಎಳೆಯುತ್ತಾ ಬಂದು, ಗೋಡೆಗೆ ಹಣೆಯೊತ್ತಿ ನಿಂತಿತು. ಒತ್ತಿದ ತಲೆ ತೆಗೆಯಲೇ ಇಲ್ಲ, ಗೋಡೆಯೊಳಕ್ಕೆ ಹೋಗುವ ಹಾಗೆ ಒತ್ತಿತು. ಮುನಿಕೃಷ್ಣಮ್ಮನ ಬಾಯಿಂದ "ಅಂಜನಮ್ಮ" ಎಂಬ ಹೆಸರು ತಾನೇ ಈಚೆ ಬಂತು. ನಿಂತ ನಿಲುವು ಅದೇ. ಬೆನ್ನು ಕೂಡ ಅದೇ.

"ಆಂಟೀ," ಲುಬ್ನಾಳ ದನಿ ಇಳಿದಿತ್ತು. "ಹಿಂದೆ ನೋಡಿ. ಬೆಕ್ಕಿನ ಹಿಂದೆ."

ಬೆಕ್ಕಿನ ಹಿಂದೆ, ಮೊಳೆಯ ಕೆಳಗೆ, ಸೀರೆ ಅಲುಗುತ್ತಿತ್ತು. ಫ್ಯಾನು ತಿರುಗುತ್ತಿರಲಿಲ್ಲ, ಕರೆಂಟು ಹೋಗಿ ಎಷ್ಟೋ ಹೊತ್ತಾಗಿತ್ತು. ಸೀರೆಯ ಮಡಿಕೆಯೊಳಗಿಂದ ಒಂದು ಸಣ್ಣ ಕೈ ಬಂತು. ಮೋನಿಷಾ. ಮಲಗಿದ್ದವಳು ಯಾವಾಗ ಎದ್ದಳೋ, ಸೀರೆಯನ್ನು ಮೈಗೆ ಸುತ್ತಿಕೊಂಡು, ಗೋಡೆಗೆ ತಲೆಯಾನಿಸಿ ಕೂತಿದ್ದಳು. ಕಣ್ಣು ತೆರೆದಿದ್ದವು, ಏನನ್ನೂ ನೋಡುತ್ತಿರಲಿಲ್ಲ. ಬಾಯಲ್ಲಿ ಸೆರಗಿನ ತುದಿ. ಬೆಲ್ಲ ಕಟ್ಟಿ ಕಟ್ಟಿ ಗಟ್ಟಿಯಾಗಿದ್ದ ಆ ತುದಿಯನ್ನು ಮಗು ಮೊಲೆ ಚೀಪುವ ಹಾಗೆ ಚೀಪುತ್ತಿತ್ತು. ಆಮೇಲೆ ತಾನಾಗಿಯೇ ಎದ್ದು, ಚಾಪೆಗೆ ಬಂದು ಮಲಗಿತು.

ರಮ್ಯ ಕಿರುಚಿದ ರಭಸಕ್ಕೆ ವಠಾರವೆಲ್ಲ ಬಾಗಿಲಿಗೆ ಬಂತು. ಗಂಗರತ್ನಮ್ಮ ವಿಡಿಯೊ ನೋಡಿ ಎದೆಗೆ ಕೈಯಿಟ್ಟುಕೊಂಡಳು. "ನಾನ್ ಏಳ್ಳಿಲ್ವಾ? ಸೀರೇಲಿ ಅವ್ಳೆ ಅವ್ಳು! ಮಗೂಗೆ ಆಲು ಕುಡುಸ್ತಾವ್ಳೆ! ಸೀಮೆಎಣ್ಣೆ ತತ್ತೀನಿ, ಈಗ್ಲೇ ಸುಟ್ಟಾಕ್ರಿ."

ಅಂಜನಮ್ಮನಿಗೆ ಮಕ್ಕಳಿರಲಿಲ್ಲ. ಮೋನಿಷಾಳನ್ನು ಕಂಡರೆ ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಅದು ಮುನಿಕೃಷ್ಣಮ್ಮನಿಗೆ ನೆನಪಾಯಿತು. ಗಾಳಿ ಗೀಳಿ ಎಂದರೆ ಉಗಿದು ಮುಂದಕ್ಕೆ ಹೋಗುತ್ತಿದ್ದವಳು ಆ ಮಧ್ಯಾಹ್ನ ನಂಬಿದಳು. ಮೊದಲು ಅಂಜನಮ್ಮ, ಆಮೇಲೆ ಬೆಕ್ಕು, ಈಗ ಮಗು. ಸೀರೆ ಮುಟ್ಟಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿಯುತ್ತಿದೆ. ಆದರೂ ಅವಳು ಸೀಮೆಎಣ್ಣೆ ಬೇಡವೆಂದಳು.

"ಸುಟ್ರೆ ಅವ್ಳು ಎಲ್ಲಿಗೋಗ್ತಾಳೆ? ಸೀರೆ ಬಿಟ್ಟು ಮಗೂನೇ ಇಡ್ಕಂಡ್ರೆ? ಡಾಕ್ಟ್ರು ಮಲಗೋ ಬಟ್ಟೆ ತನ್ನಿ ಅಂದವ್ರೆ. ಅದ್ರಲ್ಲಿ ಏನೈತೋ ಅವ್ರೇ ನೋಡ್ಲಿ. ಅವ್ರ ಕೈಲೂ ಆಗ್ದಿದ್ರೆ ಆಗ ಸುಡಾಣ."

ಕೋಲಿನ ತುದಿಯಿಂದ ಸೀರೆಯನ್ನು ಎತ್ತಿ ಪ್ಲಾಸ್ಟಿಕ್ ಕವರಿಗೆ ಇಳಿಬಿಟ್ಟು ಬಾಯಿ ಕಟ್ಟಿದಳು. ಆ ರಾತ್ರಿ ಕವರು ಬಾಗಿಲಾಚೆ, ಮಗು ಅವಳ ತೋಳಿನೊಳಗೆ.

ಸೋಮವಾರ ಕೆಲಸಕ್ಕೆ ರಜೆ ಹಾಕಿದಳು. ಆಟೋದಲ್ಲಿ ಮಡಿಲ ಮೇಲೆ ಬೆಕ್ಕಿನ ಕ್ರೇಟು, ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡ ರಮ್ಯ, ಕಾಲಬಳಿ ಕವರು. ಲುಬ್ನಾ ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ. ದಾರಿಯುದ್ದಕ್ಕೂ ಬೆಳ್ಳಿ ಕೂಗಲಿಲ್ಲ. ಬಾಯಿಂದ ಜೊಲ್ಲು ಸುರಿಸಿಕೊಂಡು, ಕ್ರೇಟಿನ ಕಂಡಿಯಿಂದ ಕವರನ್ನೇ ನೋಡುತ್ತಿತ್ತು.

ಕ್ಲಿನಿಕ್ಕಿನ ಡಾಕ್ಟರ್ ನಯನಾ ನಡುವಯಸ್ಸಿನವರು, ಹೆಚ್ಚು ಮಾತಿಲ್ಲ. ಬೆಕ್ಕಿನ ತುಟಿ ಎತ್ತಿ ಒಸಡು ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು, ಮುಂಗಾಲು ಬಿಡಿಸಿ ನೋಡಿದರು. ವಿಡಿಯೊ ಒಂದು ಸಲ ನೋಡಿದರು. ಎರಡನೇ ಸಲ ನೋಡುವಾಗ ಮಗುವಿನ ಬಳಿ ನಿಲ್ಲಿಸಿ, ತಲೆಯೆತ್ತಿ ರಮ್ಯಳ ಮಡಿಲನ್ನು ನೋಡಿದರು.

ಮುನಿಕೃಷ್ಣಮ್ಮ ಕೈಮುಗಿದಳು. "ತಾಯಿ, ನೀವು ಓದ್ದೋರು, ನಗ್ಬ್ಯಾಡಿ. ಅದು ಬೆಕ್ಕಲ್ಲಿಲ್ಲ. ಇದ್ರಾಗೈತೆ," ಎಂದು ಕವರನ್ನು ಮೇಜಿನ ಮೇಲಿಟ್ಟಳು.

ಡಾಕ್ಟರು ನಗಲಿಲ್ಲ. ಗ್ಲೌಸ್ ಹಾಕಿಕೊಂಡು ಗಂಟು ಬಿಚ್ಚಿ, ಸೆರಗಿನ ತುದಿಯನ್ನು ಬೆರಳಲ್ಲಿ ಉಜ್ಜಿದರು. ಬಿಳಿ ಗ್ಲೌಸು ಬೂದು ಬಣ್ಣವಾಯಿತು.

"ಏನಮ್ಮ ಕೆಲಸ ಮಾಡೋದು ನೀವು?"

"ಬ್ಯಾಟ್ರಿ ಒಡೆಯೋದು ತಾಯಿ."

"ಇದು ಸೀಸದ ಧೂಳು. ವಿಷ. ಬೆಕ್ಕು ಮೈ ನೆಕ್ಕಿ ನೆಕ್ಕಿ ತಿಂದಿದೆ ಅನ್ಸುತ್ತೆ, ರಕ್ತ ಕಳಿಸಿ ಖಚಿತ ಮಾಡ್ಕೋತೀನಿ. ಆದ್ರೆ ನೀವು ಇಲ್ಲಿ ಕೂತ್ಕೋಬೇಡಿ. ಮಗೂನ ಈಗಲೇ ಮಕ್ಕಳ ಆಸ್ಪತ್ರೆಗೆ ಕರ್ಕೊಂಡು ಹೋಗಿ, ರಕ್ತದಲ್ಲಿ ಸೀಸ ಎಷ್ಟಿದೆ ನೋಡಿ ಅನ್ನಿ. ನಾನೂ ಚೀಟಿ ಬರ್ದುಕೊಡ್ತೀನಿ."

"ಅಂಗಾದ್ರೆ ಅಂಜನಮ್ಮ?"

"ಯಾರದು?"

ಮುನಿಕೃಷ್ಣಮ್ಮ ಆ ಕೈ ಜೋತುಬಿದ್ದದ್ದನ್ನು ಹೇಳಿದಳು, ಹೊಟ್ಟೆನುಲಿ ಹೇಳಿದಳು, ಗೋಡೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ಈಗ ಯಾರೂ ಪರೀಕ್ಷೆ ಮಾಡಿ ಹೇಳೋಕಾಗಲ್ಲ. ಆದ್ರೆ ಸೀಸ ಹಂಗೇ ಮಾಡುತ್ತಮ್ಮ" ಎಂದರು.

ದೆವ್ವ ಎಂದಿದ್ದರೆ ಮುನಿಕೃಷ್ಣಮ್ಮ ತಡೆದುಕೊಳ್ಳುತ್ತಿದ್ದಳು. ದೆವ್ವಕ್ಕೆ ನಿಂಬೆಹಣ್ಣಿದೆ, ತಾಯತವಿದೆ, ಬೈಯಲು ಒಬ್ಬ ದೇವರಿದ್ದಾನೆ. ಇದಕ್ಕೆ ಅವಳ ಎರಡು ಕೈಗಳಿದ್ದವು. ಪ್ರತಿ ಸಂಜೆ ಗಂಟು ಹಾಕಿ, ಮುತ್ತು ಕೊಟ್ಟು, ಮೊಮ್ಮಗಳ ಬಾಯಿಗಿಟ್ಟ ಕೈಗಳು. ಆಟೋ ಹತ್ತುವಾಗ ಮಗು ಅಜ್ಜಿಯ ಕಡೆ ಕೈಚಾಚಿತು. ಮುನಿಕೃಷ್ಣಮ್ಮ ಮುಟ್ಟಲಿಲ್ಲ. ಬೀದಿ ನಲ್ಲಿಯಲ್ಲಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದಳು. ಕೈ ಕೆಂಪಾಯಿತು. ಆದರೂ ಎತ್ತಿಕೊಳ್ಳಲಿಲ್ಲ.

ಬೆಳ್ಳಿ ಬುಧವಾರ ಸತ್ತಿತು. ಮೋನಿಷಾಳ ರಕ್ತದಲ್ಲಿ ಸೀಸ ಸಿಕ್ಕಿತು, ಇರಬಾರದಷ್ಟು ಸಿಕ್ಕಿತು. ಈಗ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಅದನ್ನು ಮೈಯಿಂದ ಹೊರಕ್ಕೆ ಎಳೆಯುತ್ತಿದ್ದಾರೆ. ಊಟ ಸ್ವಲ್ಪ ಸೇರುತ್ತಿದೆ. ಹಾಡುಗಳು ಮರಳಿ ಬರುತ್ತವೆಯೇ ಎಂದು ರಮ್ಯ ಕೇಳಿದರೆ, ಕಾದು ನೋಡಬೇಕು ಎನ್ನುತ್ತಾರೆ.

ಮುನಿಕೃಷ್ಣಮ್ಮ ಶೆಡ್ಡಿಗೆ ಹೋಗಿ, ಈ ಹಿಟ್ಟು ವಿಷ, ಹಿಟ್ಟಿನ ಕೈಯಲ್ಲಿ ಮುಟ್ಟಿದ ಬೆಲ್ಲವೂ ವಿಷ ಎಂದು ಎಲ್ಲರ ಮುಂದೆ ಹೇಳಿದಳು. ಸುಬ್ರಮಣಿ, "ಬೆಕ್ಕು ಸತ್ತಿದ್ದಕ್ಕೆ ನನ್ ಮೇಲೆ ಕೇಸಾ? ಬೆಲ್ಲದಲ್ಲೂ ವಿಷ ಕಂಡ್ಯಾ?" ಎಂದು ಅವಳನ್ನು ಗೇಟಿನಿಂದಾಚೆ ಹಾಕಿದ. ಮರುದಿನವೇ ಅವಳ ಜಾಗದಲ್ಲಿ ಇನ್ನೊಬ್ಬಳು ಬಂದು ಕೂತಳು. ಚಿಕ್ಕ ವಯಸ್ಸು, ಬೆನ್ನಿಗೆ ಕೂಸು ಕಟ್ಟಿಕೊಂಡವಳು. ಒಳಗಿರುವ ಹೆಂಗಸರಲ್ಲಿ ಯಾರೊಬ್ಬರ ಮಕ್ಕಳ ರಕ್ತವನ್ನೂ ಯಾರೂ ಪರೀಕ್ಷೆ ಮಾಡಿಲ್ಲ. ಮುನಿಕೃಷ್ಣಮ್ಮ ದಿನಾ ಸಂಜೆ ಗೇಟಿನ ಮುಂದೆ ಒಂದು ಬಕೆಟ್ ನೀರು, ಒಂದು ಸೋಪು ಇಟ್ಟುಕೊಂಡು ನಿಲ್ಲುತ್ತಾಳೆ. ಈಚೆ ಬರುವವರನ್ನು ಹಿಡಿದು ಕೈ ತೊಳೆಸುತ್ತಾಳೆ, ಬೆಲ್ಲವನ್ನು ಕಿತ್ತು ಕಾಲುವೆಗೆ ಎಸೆಯುತ್ತಾಳೆ. ಕೆಲವರು ತೊಳೆಯುತ್ತಾರೆ. ಕೆಲವರು ಹುಚ್ಚಿ ಎಂದು ಪಕ್ಕಕ್ಕೆ ಸರಿದು, ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು ಮನೆಗೆ ನಡೆಯುತ್ತಾರೆ.

ಶೆಡ್ಡು ಸುಬ್ರಮಣಿಯದು, ಒಪ್ಪಿದೆ. ಬ್ಯಾಟರಿ ಯಾರದು? ಕರೆಂಟು ಹೋದಾಗ ನಿಮ್ಮ ಮನೆಯ ಫ್ಯಾನು ತಿರುಗಿಸಿದ್ದು, ಸತ್ತ ಮೇಲೆ ನೀವು ಕೊಟ್ಟು ಕಳಿಸಿದ್ದು. ಕೊಟ್ಟದ್ದು ಯಾರಿಗೆ? ಅವನು ಒಯ್ದದ್ದು ಎಲ್ಲಿಗೆ? ಒಡೆದವರು ಯಾರು, ಅವರ ಮನೆಯಲ್ಲಿ ಎಷ್ಟು ವಯಸ್ಸಿನ ಮಗುವಿದೆ? ಗೊತ್ತಿಲ್ಲ ಅಲ್ಲವೇ. ಹಾಗಾದರೆ ಎದ್ದೇಳಿ. ಬ್ಯಾಟರಿ ಒಯ್ದವನಿಗೆ ಈಗಲೇ ಫೋನ್ ಮಾಡಿ, ಶೆಡ್ಡಿನ ವಿಳಾಸ ಹೇಳುವ ತನಕ ಬಿಡಬೇಡಿ. ಹೇಳಿದ ಮೇಲೆ ಆ ಶೆಡ್ಡಿನ ಗೇಟಿಗೆ ಹೋಗಿ. ಒಳಗಿರುವ ಪ್ರತಿ ಹೆಂಗಸಿನ, ಅವಳ ಪ್ರತಿ ಮಗುವಿನ ರಕ್ತ ಪರೀಕ್ಷೆ ಆಗುವವರೆಗೆ ಅಲ್ಲಿಂದ ಕದಲಬೇಡಿ.